ನಾಲ್ಕೂವರೆಯ ಬಸ್ಸಿಗೆ ಮುನ್ನ ಕೊನೆಯ ದೃಶ್ಯ

ಮನುಷ್ಯನಿಗೆ ಅಂಟುವ ಚಟಗಳಲ್ಲೆಲ್ಲ ಭಾಷಣದ ಚಟ ವಿಚಿತ್ರವಾದದ್ದು. ಎಲೆ ಅಡಿಕೆ ಹಾಕುವವನ ಹಲ್ಲು ಅವನದೇ ಕೆಡುತ್ತದೆ, ಇಸ್ಪೀಟಾಡುವವನ ನಿದ್ದೆ ಅವನದೇ ಹಾಳಾಗುತ್ತದೆ. ಭಾಷಣ ಮಾಡುವವನಿಗೆ ಮಾತ್ರ ಏನೂ ಆಗುವುದಿಲ್ಲ. ಆಗುವುದೆಲ್ಲ ಎದುರಿಗೆ ಕುಳಿತವರಿಗೆ. ನಾನು ಬೀದರಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಮಾತು ನನ್ನ ಹೊಟ್ಟೆಪಾಡು, ಆದ್ದರಿಂದ ಅದು ಚಟವೂ ಆಗಿರಬಹುದು ಎಂಬ ಅನುಮಾನ ಬಹಳ ವರ್ಷ ನನಗೆ ಬರಲಿಲ್ಲ. ಊರಂಚಿನ ನೌಬಾದಿನ ನಮ್ಮ ಮನೆಯಲ್ಲಿ ನಾನು ಏನಾದರೂ ಹೇಳಲು ಶುರುಮಾಡಿದೆನೆಂದರೆ ನನ್ನ ಹೆಂಡತಿ ಎದ್ದು ಹೋಗಿ ಬೇಳೆ ಬೇಯಲು ಇಟ್ಟು ಬರುತ್ತಾಳೆ. ಬೇಳೆ ಬೆಂದು, ಒಗ್ಗರಣೆ ಬಿದ್ದು, ರೊಟ್ಟಿಯೂ ಆದ ಮೇಲೆ ಬಂದು ಕುಳಿತು, "ಹೂಂ, ಆಮ್ಯಾಲ ಏನಾತ್ರಿ?" ಎನ್ನುತ್ತಾಳೆ. ಅದನ್ನು ನಾನು ಕೇಳುವ ಆಸಕ್ತಿ ಎಂದು ತಿಳಿದುಕೊಂಡಿದ್ದೆ.

ಇಂಥ ನನ್ನನ್ನು ನಮ್ಮ ಕಾಲೇಜಿನ ಹುಡುಗ ಹುಡುಗಿಯರು ತಮ್ಮ 'ಬೇವಿನಕಟ್ಟೆ ಬಳಗ'ಕ್ಕೆ ಅಧ್ಯಕ್ಷನನ್ನಾಗಿ ಮಾಡಿಕೊಂಡಿದ್ದಾರೆ. ಅಧ್ಯಕ್ಷ ಎಂದರೆ ಹಿಗ್ಗಬೇಕಾದ್ದೇನೂ ಇಲ್ಲ. ಬಳಗವನ್ನು ನಡೆಸುವವರು ಅವರೇ. ಯಾರಾದರೂ ಒಬ್ಬ ಮೇಷ್ಟ್ರ ಸಹಿ ಇಲ್ಲದೆ ಸಭಾಂಗಣದ ಬೀಗ ತೆರೆಯುವುದಿಲ್ಲವೆಂದು ನಾನಿದ್ದೇನೆ. ಬಳಗಕ್ಕೆ ಕೋಣೆ ಇಲ್ಲ, ಕಪಾಟಿಲ್ಲ, ಹಿತ್ತಲಿನ ಬೇವಿನ ಮರದ ಕಟ್ಟೆಯೇ ಅದರ ಕಚೇರಿ. ಕಾಲೇಜಿನಲ್ಲಿ ಹಾಡು, ಕುಣಿತ, ನಾಟಕ, ಜಗಳ ಏನು ಹುಟ್ಟಿದರೂ ಆ ಕಟ್ಟೆಯ ಮೇಲೆಯೇ ಹುಟ್ಟಬೇಕು. ಅಲ್ಲಿ ಒಬ್ಬ ವಚನ ಹಾಡುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬ ದಖನಿ ಉರ್ದು ಶಾಯರಿ ಹೇಳುತ್ತಿರುತ್ತಾನೆ. ಔರಾದದ ಕಡೆಯ ಹುಡುಗಿ ಮರಾಠಿ ಬೀಸುವ ಪದ ತರುತ್ತಾಳೆ. ಚರ್ಚಿನಲ್ಲಿ ಹಾಡಿ ಗಂಟಲು ಪಳಗಿದ ಪ್ರೇಮಕುಮಾರ ಎಲ್ಲದಕ್ಕೂ ಶ್ರುತಿ ಹಿಡಿಯುತ್ತಾನೆ. ಕಾಲೇಜಿನ ಗೋಡೆಯ ಮೇಲೆ ಬರೆಸಿದ ಧ್ಯೇಯವಾಕ್ಯಗಳಿಂದ ಆಗದ ಕೆಲಸ ಆ ಕಟ್ಟೆಯಿಂದ ಆಗಿದೆ ಎಂದು ನಾನು ನಂಬಿದ್ದೇನೆ. ನಂಬಿದ್ದನ್ನು ಅನೇಕ ಸಲ ಮೈಕಿನಲ್ಲಿ ಹೇಳಿಯೂ ಇದ್ದೇನೆ.

ಬಳಗದ ಕಾರ್ಯದರ್ಶಿಯ ಆಯ್ಕೆಗೆ ಒಂದು ಪದ್ಧತಿ ಇದೆ. ಬುದ್ಧಿ, ವಾಕ್ಚಾತುರ್ಯ, ಅಂಕಪಟ್ಟಿ ಯಾವುದನ್ನೂ ನೋಡುವುದಿಲ್ಲ. ಬಸ್ಸು ಹಿಡಿಯಬೇಕಾಗಿಲ್ಲದವರು ಕಾರ್ಯದರ್ಶಿಯಾಗುತ್ತಾರೆ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬಂದು ಹೋಗುವವರು. ನಾಲ್ಕೂವರೆಗೆ ಔರಾದದ ಬಸ್ಸು, ಅದರ ಹಿಂದೆಯೇ ಭಾಲ್ಕಿಯದು. ಆಮೇಲೆ ಬಸ್ಸಿಲ್ಲವೆಂದಲ್ಲ, ಇದ್ದದ್ದು ಹಳ್ಳಿಯೊಳಗೆ ಹೋಗುವುದಿಲ್ಲ. ಆದ್ದರಿಂದ ಕಾಲೇಜಿನ ಕೊನೆಯ ಗಂಟೆ ಎಷ್ಟಕ್ಕೆ ಹೊಡೆದರೂ ನಮ್ಮಲ್ಲಿ ದಿನ ಮುಗಿಯುವುದು ನಾಲ್ಕೂ ಇಪ್ಪತ್ತಕ್ಕೆ. ಹೋದ ವರ್ಷ ಕಾರ್ಯದರ್ಶಿಯಾಗಿದ್ದವಳು ಎರಡನೆಯ ವರ್ಷದ ನಸ್ರೀನ್. ಹಳೇ ಊರಿನಲ್ಲಿ ಅವಳ ಅಪ್ಪನ ದರ್ಜಿ ಅಂಗಡಿ. ಬಳಗದ ಪರದೆ ಅಲ್ಲಿ ಉಳಿದ ತುಂಡು ಬಟ್ಟೆಗಳಿಂದಲೇ ಆದದ್ದು. ಅದರಲ್ಲಿ ಬೀದರಿನ ಅರ್ಧ ಮಂದಿಯ ಅಂಗಿಯ ಬಣ್ಣ ಗುರುತು ಹಿಡಿಯಬಹುದು. ನಸ್ರೀನ್ ಮನೆಗೆ ನಡೆದುಕೊಂಡು ಹೋಗುತ್ತಾಳೆ. ಅಷ್ಟೇ ಅವಳ ಅರ್ಹತೆ ಎಂದು ಮೊದಮೊದಲು ನಾನು ಅಂದುಕೊಂಡಿದ್ದೆ.

ವರ್ಷಕ್ಕೊಮ್ಮೆ ಬಳಗದ ವಾರ್ಷಿಕೋತ್ಸವ. ದೀಪ, ಸ್ವಾಗತ, ಶಾಲು, ಹಾರ, ಭಾಷಣಗಳು, ಕೊನೆಗೆ ನಾಟಕ. ಇದರ ದೊಡ್ಡ ವಿಶೇಷವೆಂದರೆ, ನಾಟಕದ ಕೊನೆಯ ದೃಶ್ಯವನ್ನು ಹೋದ ವರ್ಷದವರೆಗೆ ಯಾರೂ ನೋಡಿರಲಿಲ್ಲ. ಭಾಷಣಗಳು ಬೆಳೆದು, ನಾಟಕ ತಡವಾಗಿ, ಕಥೆ ಒಳ್ಳೆಯ ಘಟ್ಟಕ್ಕೆ ಬರುವ ಹೊತ್ತಿಗೆ ನಾಲ್ಕೂ ಇಪ್ಪತ್ತಾಗಿ, ಸಭಾಂಗಣವೆಲ್ಲ ಒಮ್ಮೆಲೇ ಎದ್ದು ಬಸ್‌ಸ್ಟ್ಯಾಂಡಿಗೆ ಓಡುತ್ತಿತ್ತು. ಕೊನೆಯ ದೃಶ್ಯ ಖಾಲಿ ಖುರ್ಚಿಗಳ ಮುಂದೆ ನಡೆಯುತ್ತಿತ್ತು. ಖುರ್ಚಿ ಬಾಡಿಗೆ ಕೊಟ್ಟವನೊಬ್ಬ ಕುಳಿತು ನೋಡುತ್ತಿದ್ದ, ಅವನಿಗೆ ಮೊದಲಿನ ದೃಶ್ಯ ಗೊತ್ತಿರುತ್ತಿರಲಿಲ್ಲ.

ಇದರಿಂದ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವಳು ಔರಾದ ಕಡೆಯ ಎಕಂಬಾ ಹಳ್ಳಿಯ ಅಂಬಿಕಾ. ಅವಳದು ಬೆಟ್ಟದಂಥ ಧ್ವನಿ. ಅವಳು ಒಮ್ಮೆ ಬಾಯಿ ತೆರೆದರೆ ಆಮೇಲೆ ಬೇರೆ ಪಾತ್ರಗಳ ಮಾತು ಕೇಳುವುದಿಲ್ಲವೆಂದು ಬಳಗದವರು ಅವಳನ್ನು ಪ್ರತಿ ವರ್ಷ ಕೊನೆಯ ದೃಶ್ಯಕ್ಕೇ ಇಡುತ್ತಿದ್ದರು. ನಾಟಕದ ದಿನ ಅವಳು ಬೀದರಿನಲ್ಲಿ ಗೆಳತಿಯ ಮನೆಯಲ್ಲಿ ಉಳಿಯುತ್ತಿದ್ದಳು. ಅವಳ ಊರಿನ ಮಕ್ಕಳು ನಾಲ್ಕೂವರೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು. ಅವಳ ಅವ್ವ ಆ ಮಕ್ಕಳನ್ನು ಕೇಳುವರು, "ನಮ್ಮ ಅಂಬಿಕಾ ಹ್ಯಾಂಗ ಮಾಡಿದಳು?" ಅವರು ಪ್ರಾಮಾಣಿಕರು. "ನಮಗ ಕಾಣ್ಸಲಿಲ್ರಿ" ಎನ್ನುವರು. ಎರಡು ವರ್ಷ ಹೀಗಾದ ಮೇಲೆ ಯಾವ ತಾಯಿ ತಾನೇ ಸುಮ್ಮನಿರುತ್ತಾಳೆ? "ಪಾರ್ಟ್ ಅದ, ಪಾರ್ಟ್ ಅದ ಅಂತೀದಿ, ನೋಡಿದವರು ಒಬ್ಬರೂ ಇಲ್ಲ. ಈ ಸಲ ನಾನೇ ಬರ್ತೇನಿ. ಸ್ಟೇಜಿನ ಮ್ಯಾಲ ನೀ ಕಂಡ್ರ ಮುಂದ ಬಿ.ಎಡ್. ಓದಲಿಕ್ಕ ಬೀದರಿಗೆ ಕಳಸ್ತೇನಿ. ಕಾಣ್ಲಿಲ್ಲಂದ್ರ ಮನ್ಯಾಗೇ ಇರು" ಎಂದು ಹೇಳಿಬಿಟ್ಟರಂತೆ. ಅಂಬಿಕಾಳಿಗೆ ಅದು ಕಾಲೇಜಿನ ಕೊನೆಯ ವರ್ಷ.

ಬೇವಿನ ಕಟ್ಟೆಯ ಮೇಲೆ ಸಭೆ ಕೂಡಿತು. ನಾಟಕ ಮೊದಲು, ಭಾಷಣ ಆಮೇಲೆ ಎಂದು ನಸ್ರೀನ್ ಸೂಚಿಸಿದಳು. "ಹಂಗೆಲ್ಲ ಬರೂದಿಲ್ಲವ್ವಾ. ನಾಟಕ ಆದ ಮ್ಯಾಲ ಮಂದಿ ಭಾಷಣಕ್ಕ ನಿಲ್ತಾರೇನು?" ಎಂದೆ.

"ಅದೇ ಸರ್," ಎಂದಳು ನಸ್ರೀನ್, "ಭಾಷಣ ಆದ ಮ್ಯಾಲ ನಾಟಕಕ್ಕೂ ನಿಲ್ಲಲಿಕತ್ತಿಲ್ಲ. ಯಾವುದರೇ ಒಂದಕ್ಕ ನಿಲ್ಲಲಿ."

ಹುಡುಗಿಯ ತರ್ಕ ಸರಿಯಾಗಿತ್ತು. ಆದರೆ ಅತಿಥಿಗಳಿಗೆ ಅವಮಾನ, ಸಂಪ್ರದಾಯಕ್ಕೆ ಭಂಗ ಎಂದೆಲ್ಲ ನಾನು ಸುಮಾರು ಅರ್ಧ ತಾಸು ವಿವರಿಸಿದೆ. ಕೊನೆಗೆ ಎದ್ದು ನಿಂತು ಒಂದು ಪ್ರತಿಜ್ಞೆಯನ್ನೂ ಮಾಡಿದೆ: "ಎರಡಕ್ಕ ಕಾರ್ಯಕ್ರಮ ಸುರು ಮಾಡೋಣ. ಮೂರಕ್ಕ ಭಾಷಣ ಎಲ್ಲಾ ಮುಗಿಸೂದು ನನ್ನ ಜವಾಬ್ದಾರಿ. ಮೂರಕ್ಕ ಪರದೆ ಏಳ್ತದ, ನಾಕೂ ಕಾಲಿಗೆ ಅಂಬಿಕಾನ ದೃಶ್ಯ ಮುಗೀತದ, ಅಕಿ ಅವ್ವ ನೋಡ್ಕೊಂಡು ಬಸ್ ಹಿಡೀತಾರ. ಆತಿಲ್ಲೋ?" ಎಲ್ಲರೂ ಚಪ್ಪಾಳೆ ತಟ್ಟಿದರು. ನಸ್ರೀನ್ ಮಾತ್ರ ಬೇವಿನ ಎಲೆ ಹರಿಯುತ್ತ ಕುಳಿತಿದ್ದಳು.

ಕೊಟ್ಟ ಮಾತನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ದೇವರಿಗೆ ಗೊತ್ತು. ಮುಖ್ಯ ಅತಿಥಿ ಭಾಲ್ಕಿಯ ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಮನೆಗೇ ಹೋಗಿ ಕೈಮುಗಿದು, "ಹತ್ತು ನಿಮಿಷದಾಗ ಮುಗಸ್ರಿ ಸರ್, ಒಬ್ಬ ಹುಡುಗಿ ಭವಿಷ್ಯದ ಪ್ರಶ್ನೆ ಅದ" ಎಂದು ಬೇಡಿಕೊಂಡೆ. ಪ್ರಾಂಶುಪಾಲರನ್ನು ಬೇಡಿಕೊಂಡೆ. ಸ್ವಾಗತ ಮಾಡುವವನಿಗೆ ಹೆಸರುಗಳನ್ನಷ್ಟೇ ಓದು, ಗುಣಗಳನ್ನು ಬಿಡು ಎಂದು ತಾಕೀತು ಮಾಡಿದೆ. ಆ ದಿನ ಎಲ್ಲವೂ ನಾನು ಹೇಳಿದ ಹಾಗೇ ನಡೆಯಿತು. ಮುಖ್ಯೋಪಾಧ್ಯಾಯರು ಏಳೇ ನಿಮಿಷಕ್ಕೆ ಕುಳಿತುಕೊಂಡರು. ಪ್ರಾಂಶುಪಾಲರು ಐದು ನಿಮಿಷ. ಶಾಲು ಹಾರಗಳೂ ಚಕಚಕನೆ ಮುಗಿದವು. ಮುಂದಿನ ಸಾಲಿನಲ್ಲಿ ಹಸಿರು ಇಳಕಲ್ ಸೀರೆಯ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕುಳಿತ ಹೆಂಗಸು ಅಂಬಿಕಾಳ ಅವ್ವನೆಂದು ಯಾರೋ ತೋರಿಸಿದರು. ಇನ್ನು ಉಳಿದದ್ದು ಅಧ್ಯಕ್ಷರ ಎರಡು ಮಾತು. ಗಡಿಯಾರ ನೋಡಿದೆ: ಎರಡೂವರೆ.

ಓದುಗರೇ, ಹಸಿದವನ ಮುಂದೆ ತುಂಬಿದ ತಾಟು ಇಟ್ಟು ಎರಡೇ ತುತ್ತು ತಿನ್ನು ಎಂದರೆ ಹೇಗೆ? ಎದುರಿಗೆ ತುಂಬಿದ ಸಭಾಂಗಣ, ಕೈಯಲ್ಲಿ ಕೆಟ್ಟುಹೋಗದ ಮೈಕು, ಪೂರ್ತಿ ಅರ್ಧ ತಾಸು! ನಾನು ಎದ್ದದ್ದು ನಿಜವಾಗಿಯೂ ಅತಿಥಿಗಳು ಚಿಕ್ಕದಾಗಿ ಮಾತಾಡಿದ್ದಕ್ಕೆ ವಂದಿಸಲಿಕ್ಕೆ. ಚಿಕ್ಕ ಮಾತಿನ ಮಹಿಮೆಯನ್ನು ಹೊಗಳಿದೆ. ಹೊಗಳುತ್ತ ನಮ್ಮಜ್ಜ ಮೂರು ಮಾತಿನಲ್ಲಿ ಎತ್ತಿನ ವ್ಯಾಪಾರ ಮುಗಿಸುತ್ತಿದ್ದದ್ದು ನೆನಪಾಯಿತು. ಎತ್ತಿನಿಂದ ಒಕ್ಕಲುತನಕ್ಕೆ, ಒಕ್ಕಲುತನದಿಂದ ಜನಪದಕ್ಕೆ, ಅಲ್ಲಿಂದ ಯುವಜನರ ಹೊಣೆಗೆ ಬಂದೆ. ನಡುವೆ ನಸ್ರೀನ್ ಮೇಲೆ ಬಂದು ನನ್ನ ಕೈಗೆ ಒಂದು ಚೀಟಿ ಕೊಟ್ಟಳು. ವೇದಿಕೆಯ ಮೇಲೆ ಚೀಟಿ ಬಂದರೆ ಅದು ಯಾರೋ ಗಣ್ಯರು ಬಂದ ಸುದ್ದಿ ಇರುತ್ತದೆ, ಕೊನೆಗೆ ಓದೋಣವೆಂದು ಜೇಬಿಗೆ ಹಾಕಿದೆ. ಇನ್ನೊಂದು ಬಂತು. ಮತ್ತೊಂದು ಬಂತು. ಇವತ್ತು ಬಹಳ ಗಣ್ಯರು ಬರುತ್ತಿದ್ದಾರೆ ಎಂದು ಇನ್ನಷ್ಟು ಹುರುಪಾಯಿತು. ಮುಗಿಸಿ ಕುಳಿತಾಗ ಪಕ್ಕದಲ್ಲಿದ್ದ ಮುಖ್ಯೋಪಾಧ್ಯಾಯರು ನನ್ನ ಕಿವಿಯಲ್ಲಿ, "ಹುಡುಗಿ ಭವಿಷ್ಯ ಏನಾತ್ರಿ?" ಎಂದರು. ಗೋಡೆಯ ಗಡಿಯಾರ ನೋಡಿದೆ. ಮೂರೂ ನಲವತ್ತು.

ಆ ಕ್ಷಣ ನನಗಾದ ನಾಚಿಕೆಯನ್ನು ಬರೆಯಲು ಶಬ್ದಗಳಿಲ್ಲ, ನನ್ನ ಹತ್ತಿರವೇ ಇಲ್ಲ ಎಂದರೆ ಎಷ್ಟಿರಬಹುದು ಲೆಕ್ಕ ಹಾಕಿ. ಒಂದೂ ಕಾಲು ತಾಸಿನ ನಾಟಕ, ಉಳಿದದ್ದು ನಲವತ್ತು ನಿಮಿಷ. ಅಂಬಿಕಾಳ ಅವ್ವ ಆಗಲೇ ಚೀಲವನ್ನು ಮಡಿಲಿನಿಂದ ಹೆಗಲಿಗೆ ಏರಿಸಿದ್ದರು. ಎದ್ದು ಹೋಗಿ ಆ ತಾಯಿಯ ಕಾಲು ಹಿಡಿಯಲೇ, ಬಸ್ಸಿನ ಮುಂದೆ ಅಡ್ಡ ಮಲಗಲೇ ಎಂದು ನಾನು ಯೋಚಿಸುತ್ತಿರುವಾಗ ಪರದೆಯ ಸಂದಿಯಿಂದ ನಸ್ರೀನ್ ಹೊರಗೆ ಬಂದು ಮೈಕು ಹಿಡಿದಳು.

"ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮ ಬಳಗದ ನಾಟಕ ಕೊನೀ ದೃಶ್ಯದಿಂದ ಸುರು ಆಗ್ತದ. ಮೊದಲಿನ ದೃಶ್ಯ ಆಮ್ಯಾಲ ಬರ್ತಾವ. ಯಾರೂ ಗಾಬರಿ ಆಗಬ್ಯಾಡ್ರಿ."

ನಾಟಕ ಇಬ್ಬರು ಅಣ್ಣತಮ್ಮಂದಿರದು. ಒಂದು ಬಾವಿಗಾಗಿ ಜಗಳಾಡಿ, ಮಾತು ಬಿಟ್ಟು, ನಡುವೆ ಗೋಡೆ ಕಟ್ಟುತ್ತಾರೆ. ಕೊನೆಗೆ ತಂಗಿ ತವರಿಗೆ ಬಂದು ಇಬ್ಬರನ್ನೂ ಬೈದು ಒಂದುಗೂಡಿಸುತ್ತಾಳೆ. ಪರದೆ ಎದ್ದಾಗ ಪ್ರೇಮಕುಮಾರ ಮತ್ತು ಇನ್ನೊಬ್ಬ ಬಾವಿಯ ಆಚೆ ಈಚೆ ಮುಖ ತಿರುಗಿಸಿ ನಿಂತಿದ್ದರು. ಯಾಕೆ ಎಂದು ಸಭೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ, "ಏ ದೊಡ್ಡಣ್ಣಾ! ಏ ಸಣ್ಣಣ್ಣಾ! ಬಾವಿ ಯಾರ್ದು ಅಂತ ಕೇಳ್ತೀರಲ್ಲ, ಅದನ್ನ ತೋಡಿದಾವ ಯಾರು ಅಂತ ಗೊತ್ತದೇನು?" ಎಂಬ ಕೂಗು ಬಂತು. ತೊಲೆಯ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಅಂಬಿಕಾ ಬಂದಳು, ಬಾವಿಯ ಕಟ್ಟೆಯ ಮೇಲೆ ಕುಳಿತಳು, ಇಪ್ಪತ್ತು ನಿಮಿಷ ಸಭಾಂಗಣವನ್ನು ಮುಷ್ಟಿಯಲ್ಲಿ ಹಿಡಿದಳು. ಹಿಂದಿನ ಕಥೆ ಒಂದು ಚೂರೂ ಗೊತ್ತಿಲ್ಲದ ಜನ ಅತ್ತರು. ನಾನೂ ಅತ್ತೆ. ಅಣ್ಣತಮ್ಮಂದಿರು ಒಂದೇ ಹಗ್ಗ ಹಿಡಿದು ನೀರು ಸೇದಿದಾಗ ಮುಂದಿನ ಸಾಲಿನಲ್ಲಿ ಹಸಿರು ಸೀರೆ ಎದ್ದು ನಿಂತಿತು. ಆ ತಾಯಿ ಹಿಂದಕ್ಕೆ ತಿರುಗಿ, ಊರ ಮಕ್ಕಳಿಗೆ ಕೇಳುವ ಹಾಗೆ, "ಈಗರೇ ಕಂಡಳಿಲ್ಲೋ? ಅಕಿ ನನ್ನ ಮಗಳು!" ಎಂದು ಕೂಗಿದರು. ಮಗಳ ಧ್ವನಿ ಎಲ್ಲಿಂದ ಬಂತೆಂದು ಆಗ ಎಲ್ಲರಿಗೂ ತಿಳಿಯಿತು. ಅಂಥ ಚಪ್ಪಾಳೆ ನಮ್ಮ ಕಾಲೇಜಿನಲ್ಲಿ ನಾನು ಕೇಳಿರಲಿಲ್ಲ.

ಆಮೇಲೆ ಮೊದಲನೆಯ ದೃಶ್ಯ ಶುರುವಾಯಿತು. ಈಗಷ್ಟೇ ಕೂಡಿ ನೀರು ಸೇದಿದವರು ಬಾವಿಗಾಗಿ ಕೊರಳಪಟ್ಟಿ ಹಿಡಿದರು. ಮುಖ್ಯೋಪಾಧ್ಯಾಯರು ತಲೆದೂಗಿ, "ಭಾರಿ ಹೊಸ ಪ್ರಯೋಗ ಮಾಡೀರಿ. ಭಾಲ್ಕಿಯೊಳಗ ಇಂಥಾದ್ದು ನೋಡಿಲ್ಲ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ತಗ್ಗಿಸಲು ಬೇರೆ ಕಾರಣವೂ ಇತ್ತು. ನಾಲ್ಕೂ ಇಪ್ಪತ್ತಕ್ಕೆ ಸಭೆ ಎಂದಿನಂತೆ ಎದ್ದಿತು. ಮುಂದಿನ ದೃಶ್ಯಗಳಲ್ಲಿ ಅಂಬಿಕಾಳಿಗೆ ಕೆಲಸವಿರಲಿಲ್ಲ. ಬಣ್ಣ ಒರೆಸಲೂ ಪುರುಸೊತ್ತಿಲ್ಲದೆ, ಹಣೆಯ ಮೇಲೆ ಕಾಸಗಲ ಕುಂಕುಮ, ಕೈತುಂಬ ನಾಟಕದ ಬಳೆ ಹಾಗೇ ಇಟ್ಟುಕೊಂಡು ಅವ್ವನ ಜೊತೆ ಹೊರಟಳು. ಬಾಗಿಲಲ್ಲಿ ನಾನು ಆ ತಾಯಿಗೆ ಕೈಮುಗಿದು, ನಾಟಕ ತಿರುವುಮುರುವಾದದ್ದಕ್ಕೆ ಕ್ಷಮೆ ಕೇಳಿದೆ.

"ಅದರಾಗೇನ್ರಿ ಸರ್," ಎಂದರು ಅವರು. "ಖರೇ ಮನ್ಯಾಗ ಹಿಂಗೇ ಇರ್ತದ. ಮೊದಲು ಕೂಡಿ ನೀರ ಸೇದ್ತಾರ, ಆಮ್ಯಾಲ ಬಾವಿ ನಂದು ಅಂತಾರ. ನಿಮ್ಮ ನಾಟಕ ಈಗ ಸರಿ ಅದ. ಜೂನಿನಾಗ ಅಕಿ ಬಿ.ಎಡ್.ಗೆ ಬರ್ತಾಳ್ರಿ. ನೀವೇ ನೋಡ್ಕೋಬೇಕು."

ಮನೆಗೆ ಬಂದು ಅಂಗಿ ಬಿಚ್ಚಿಟ್ಟೆ. ಒಗೆಯಲು ಎತ್ತಿಕೊಂಡ ಹೆಂಡತಿ ಜೇಬಿನಿಂದ ಮೂರು ಚೀಟಿ ತೆಗೆದು ಒಂದೊಂದಾಗಿ ಓದಿದಳು. 'ಸರ್, ಮೂರು ಆತು.' 'ಸರ್, ಮೂರೂ ಕಾಲು. ಮುಗಸ್ರಿ.' ಮೂರನೆಯದನ್ನು ಅವಳು ಸ್ವಲ್ಪ ತಡೆದು ಓದಿದಳು: 'ಸರ್, ಅಂಬಿಕಾ ಅಳ್ಲಿಕತ್ತಾಳ. ಮ್ಯಾಕಪ್ ಇಳೀಲಿಕತ್ತದ.' ಹೆಂಡತಿ ನನ್ನ ಮುಖ ನೋಡಿದಳು. ಮದುವೆಯಾದಾಗಿನಿಂದ ಮೊದಲ ಸಲ ನನಗೆ ಹೇಳಲು ಏನೂ ಇರಲಿಲ್ಲ. ಆ ದಿನ ಅಡಿಗೆ ತಡವಾಯಿತು.

ಮೊನ್ನೆ ಈ ವರ್ಷದ ಆಮಂತ್ರಣ ಪತ್ರಿಕೆಯನ್ನು ನಸ್ರೀನ್ ತಂದುಕೊಟ್ಟಳು. ಅವಳು ಈಗ ಮೂರನೆಯ ವರ್ಷ, ಈಗಲೂ ಅವಳೇ ಕಾರ್ಯದರ್ಶಿ. 'ನಾಟಕ: ಮಧ್ಯಾಹ್ನ ಎರಡಕ್ಕೆ, ಮೊದಲಿನಿಂದ' ಎಂದು ಅಚ್ಚಾಗಿತ್ತು. ಎಲ್ಲಕ್ಕಿಂತ ಕೆಳಗೆ ನನ್ನ ಹೆಸರು. ಅದರ ಮುಂದೆ, 'ಅಧ್ಯಕ್ಷೀಯ ಭಾಷಣ: ಬಸ್ಸು ಹೋದ ನಂತರ.'

"ಬಸ್ ಹೋದ ಮ್ಯಾಲ ಯಾರಿರ್ತಾರವ್ವಾ ಕೇಳಲಿಕ್ಕ?" ಎಂದೆ.

"ನಾ ಇರ್ತೇನಲ್ರಿ ಸರ್," ಎಂದಳು, "ನನಗೇನ್ ಬಸ್ ಹಿಡೀಲಿಕ್ಕಿಲ್ಲ. ಎಷ್ಟ್ ಬೇಕಾದಷ್ಟ್ ಮಾತಾಡ್ರಿ."

ಇಷ್ಟು ಪ್ರೀತಿಯ ಆಹ್ವಾನ ನನಗೆ ಯಾವ ಸಭೆಯಿಂದಲೂ ಬಂದಿಲ್ಲ. ಅವತ್ತೇ ಕುಳಿತು ಹದಿನಾಲ್ಕು ಪುಟ ಬರೆದು ಮುಗಿಸಿದ್ದೇನೆ. ನಸ್ರೀನ್‌ಳ ಸಮಯಪ್ರಜ್ಞೆಯ ಬಗ್ಗೆಯೇ ಅದರಲ್ಲಿ ಆರು ಪುಟ ಇದೆ. ಆ ಆರು ಪುಟದ ಸಾರವನ್ನು ನಿಮಗೂ ಹೇಳೋಣವೆಂದಿದ್ದೆ. ಆದರೆ ಈಗಷ್ಟೇ ನನ್ನ ಹೆಂಡತಿ ಚಹಾ ಬಸಿಯ ಕೆಳಗೆ ಒಂದು ಚೀಟಿ ಇಟ್ಟು ಹೋಗಿದ್ದಾಳೆ. ಈ ಸಲ ಜೇಬಿಗೆ ಹಾಕಲಿಲ್ಲ, ತೆರೆದು ಓದಿದೆ. ಆದ್ದರಿಂದ ನಿಲ್ಲಿಸುತ್ತೇನೆ.