ಅಮ್ಮನ ಮುಖವೂ ನನ್ನ ಸಕ್ಕರೆಯೂ

ಯಾವುದೋ ದೂರದೇಶದ ಕಳ್ಳನೊಬ್ಬ ಕೂತಲ್ಲಿಂದಲೇ ನನ್ನ ಕಂಪ್ಯೂಟರಿಗೆ ಕನ್ನ ಹಾಕಿರಬಹುದು. ಹಾಕಿ, ಒಳಗೆ ಏನೂ ಸಿಗದೆ, ಸಿಟ್ಟಿನಿಂದ ಬೀಗ ಜಡಿದುಕೊಂಡು ಹೋಗಿರಬಹುದು. ಇಲಿ ವೈರು ಕಡಿದಿರಬಹುದು. ರಾತ್ರಿ ಸಿಡಿಲು ಹೊಡೆದಿರಬಹುದು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ ನಿಜ, ಆದರೆ ಹೊಡೆಯಲೇಬೇಕೆಂದಿದ್ದರೆ ಸಿಡಿಲಿಗೆ ಮೋಡ ಎಲ್ಲಿಂದಲೋ ಸಿಗುತ್ತದೆ. ಡಿಸ್ಕು ಸತ್ತಿರಬಹುದು. ಅದರೊಳಗೆ ಯಾವ ದೇವಿಯ ಚಿತ್ರವಿತ್ತೋ ಆಕೆಗೇ ನನ್ನ ಮೇಲೆ ಮುನಿಸು ಬಂದಿರಬಹುದು. ಕೊನೆಯದಾಗಿ, ಪರದೆ ನೀಲಿಯಾಗಿಯೇ ಇಲ್ಲದಿರಬಹುದು. ನನ್ನ ಕಣ್ಣಿನ ನರವೇ ಹೋಗಿದ್ದು, ಇನ್ನು ಮುಂದೆ ಲೋಕವೆಲ್ಲ ನನಗೆ ಹೀಗೇ ಕಾಣಬಹುದು. ಸೋಮವಾರ ಬೆಳಗ್ಗೆ ಕಂಪ್ಯೂಟರು ಎಂದಿನಂತೆ ಏಳದೆ, ನೀಲಿ ಪರದೆ ತೋರಿಸಿ, 'ಈ ಡಿಸ್ಕಿಗೆ ಬೀಗ ಬಿದ್ದಿದೆ, ನಲವತ್ತೆಂಟು ಅಂಕಿಯ ಕೀಲಿ ಕೊಡು' ಎಂಬರ್ಥದ ಇಂಗ್ಲಿಷು ಮಾತಾಡಿದ ಮೇಲೆ, ಒಂದು ಲೋಟ ಕಾಫಿ ಆರುವಷ್ಟರಲ್ಲಿ ನಾನು ಮಾಡಿಕೊಂಡ ಪಟ್ಟಿ ಇದು. ಕಾಫಿ ತಂದಿಟ್ಟ ನನ್ನ ಹೆಂಡತಿ ರತ್ನ ನನ್ನನ್ನೊಮ್ಮೆ ನೋಡಿ, "ಯಾಕ್ರೀ, ಯಾರು ಹೋದ್ರು?" ಎಂದಳು. ನನ್ನ ಮುಖಕ್ಕೆ ಆ ಶಕ್ತಿಯಿದೆ.

ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೆದರಿಕೆ ನನಗೆ ಕಸುಬಲ್ಲ, ಆದರೆ ಕಸುಬಿಗಿಂತ ಹೆಚ್ಚು ಹೊತ್ತು ಅದನ್ನೇ ಮಾಡುತ್ತೇನೆ. ಒಮ್ಮೆ ಮಾಲೂರಿಗೆ ಮದುವೆಗೆ ಹೊರಟವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸು ಬಂದೆ. ಆರಿಸಿದ್ದೆ. ಮತ್ತೆ ಬಸ್ಸು ಹತ್ತಿದ ಮೇಲೆ, ಗ್ಯಾಸ್ ನೋಡುವ ಭರದಲ್ಲಿ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂತು. ಮದುವೆಯವರು ನನ್ನನ್ನು ನೋಡಿದ್ದು ಕೈ ತೊಳೆಯುವ ಜಾಗದಲ್ಲಿ. ಇಂಥ ನನಗೆ ಆರು ವರ್ಷದ ಹಿಂದೆ ಡಾಕ್ಟರು, ಸಕ್ಕರೆ ಸ್ವಲ್ಪ ಅಂಚಿನಲ್ಲಿದೆ, ವಾರಕ್ಕೊಮ್ಮೆ ನೋಡಿಕೊಳ್ಳಿ ಎಂದು ಒಂದು ಪುಟ್ಟ ಮೀಟರು ಕೊಡಿಸಿದರು. ವಾರಕ್ಕೊಮ್ಮೆ! ನಾನು ದಿನಕ್ಕೆ ಐದು ಸಲ ನೋಡಿಕೊಳ್ಳುತ್ತೇನೆ. ಆ ಭಾನುವಾರ ಸಂಜೆ ಊಟಕ್ಕೆ ಮೊದಲು ಮೀಟರು ಇದ್ದಕ್ಕಿದ್ದಂತೆ ಸತ್ತುಹೋದಾಗ, ಎಲ್ಲಿಂದಾದರೂ ಸರಿ, ಈಗಿಂದೀಗಲೇ ಅದಕ್ಕೊಂದು ಸೆಲ್ಲು ಬೇಕು ಎಂದು ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡೆ. ರತ್ನ ಐದೇ ನಿಮಿಷದಲ್ಲಿ ಮೀಟರಿಗೆ ಜೀವ ತುಂಬಿ ತಂದು ಕೈಗಿಟ್ಟಳು. ಏನೋ ಹೇಳಿದಳು ಕೂಡ. ನಾನು ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ಬೇರೇನೂ ಕೇಳಿಸುವುದಿಲ್ಲ.

ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ಶಿವಾರಪಟ್ಟಣದ ಶಿಲ್ಪಿ ವೆಂಕಟಾಚಾರ್ ನನಗೆ ಹಳೆಯ ಪರಿಚಯ. ಅವರು ಅಳತೆ ಹೇಳುತ್ತಾರೆ, ನಾನು ಅದನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿಸಿ ವಿಗ್ರಹದಷ್ಟೇ ಎತ್ತರದ ಕಾಗದದ ಮೇಲೆ ತೆಗೆಸಿಕೊಡುತ್ತೇನೆ. ಅವರು ಅದನ್ನು ಕಲ್ಲಿಗೆ ಅಂಟಿಸಿಕೊಂಡು ಉಳಿ ಹಿಡಿಯುತ್ತಾರೆ. ಈ ಸಲ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ಗ್ರಾಮದೇವತೆ. ಹಳೆಯ ವಿಗ್ರಹ ಬಿರುಕು ಬಿಟ್ಟಿತ್ತು, ಅದೇ ಮುಖದ ಹೊಸದು ಬೇಕಿತ್ತು. ಗರ್ಭಗುಡಿಯಲ್ಲಿ ಫೋಟೋ ತೆಗೆಯುವಂತಿಲ್ಲ. ತೆಗೆದಿದ್ದರೂ ಹೂವಿನ ಮಧ್ಯೆ ಬೆಳ್ಳಿಯ ಕಣ್ಣೆರಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಚಾರ್ರು ಮೂರು ದಿನ ಅಲ್ಲೇ ಕೂತು, ಅಲಂಕಾರ ತೆಗೆಸಿ, ದಾರ ಹಿಡಿದು ಅಮ್ಮನ ಹಣೆ, ಹುಬ್ಬು, ಮೂಗು ಎಲ್ಲ ಅಳೆದರು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಗುರುತು ಹಾಕಿಕೊಂಡು ಬಂದು ಕಂಪ್ಯೂಟರಿಗೆ ಸೇರಿಸಿ, ಕಾಗದ ಯಾರ ಕೈಗಾದರೂ ಸಿಕ್ಕೀತೆಂದು ಒಲೆಗೆ ಹಾಕಿದೆ. ಆಮೇಲೆ ಊರಿನವರು ಶಾಸ್ತ್ರದಂತೆ ಹಳೆಯ ವಿಗ್ರಹವನ್ನು ಕೆರೆಗೆ ಬಿಟ್ಟರು. ಅಂದರೆ ಆ ಸೋಮವಾರ ಅಮ್ಮನ ಮುಖ ಇದ್ದದ್ದು ಎರಡೇ ಕಡೆ: ಒಂದು ಕೆರೆಯ ತಳದಲ್ಲಿ, ಇನ್ನೊಂದು ನೀಲಿ ಪರದೆಯ ಹಿಂದೆ. ಶುಕ್ರವಾರ ಊರಿನವರ ಎದುರಿಗೆ ಮೊದಲ ಉಳಿ ಪೆಟ್ಟು ಬೀಳಬೇಕಿತ್ತು.

ಇನ್ನೊಂದು ಪ್ರತಿ ಇಟ್ಟಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಪೆನ್ ಡ್ರೈವಿನಲ್ಲಿ ಇಟ್ಟಿದ್ದೆ. ಅದು ಕಳೆದುಹೋದರೆ ಎಂದು ಅದಕ್ಕೂ ಪಾಸ್‌ವರ್ಡು ಹಾಕಿದ್ದೆ. ಪಾಸ್‌ವರ್ಡು ಮರೆತುಹೋದರೆ ಎಂದು ಅದನ್ನು ಬರೆದಿಟ್ಟಿದ್ದೆ, ಕಂಪ್ಯೂಟರಿನಲ್ಲಿ. ಇನ್ನು ಡಿಸ್ಕಿನ ನಲವತ್ತೆಂಟು ಅಂಕಿ. ಕಳ್ಳರು ಹೆಚ್ಚಾಗಿದ್ದಾರೆ ಎಂದು ಎಲ್ಲೋ ಓದಿ ಡಿಸ್ಕಿಗೆ ಬೀಗ ಹಾಕಿದ ದಿನವೇ, ಆ ಅಂಕಿಗಳು ಒಬ್ಬನೇ ಕಳ್ಳನಿಗೆ ಒಟ್ಟಿಗೆ ಸಿಗಬಾರದೆಂದು ಮೂರು ಪಾಲು ಮಾಡಿದ್ದೆ. ಮೊದಲ ಪಾಲು ರತ್ನಳ ಹತ್ತಿರ, ಎರಡನೆಯದು ಮುಳಬಾಗಿಲಿನ ಆಚೆ ಬೈರಕೂರಿನಲ್ಲಿರುವ ಅವಳ ತಮ್ಮ ನಾಗರಾಜನ ಹತ್ತಿರ, ಮೂರನೆಯದು ಆಚಾರ್ರ ಹತ್ತಿರ. ಅಪ್ಪ ಸತ್ತ ಮೇಲೆ ನಾವು ಅಣ್ಣತಮ್ಮಂದಿರು ಜಮೀನನ್ನೂ ಇಷ್ಟು ಅಚ್ಚುಕಟ್ಟಾಗಿ ಪಾಲು ಮಾಡಿಕೊಂಡಿರಲಿಲ್ಲ.

ಆದ್ದರಿಂದ ಮೊದಲು ನಸ್ರೀನಳಿಗೆ ಫೋನು ಮಾಡಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಈಕೆ ನನ್ನ ಹಳೆಯ ವಿದ್ಯಾರ್ಥಿನಿ. "ಸಾರ್, ನೀವು ನನಗೆ ಡ್ರಾಯಿಂಗಲ್ಲಿ ಮೂವತ್ತೈದು ಕೊಟ್ಟಿದ್ರಿ, ಜ್ಞಾಪಕ ಇದೆಯಾ?" ಎಂದು ಪ್ರತಿ ಸಲವೂ ಶುರು ಮಾಡುತ್ತಾಳೆ. ಅವಳು ವಿವರಿಸಿದ್ದು ಹೀಗೆ: "ಮನೇಲಿ ಎಲ್ಲರಿಗಿಂತ ಮುಂಚೆ ಅಜ್ಜಿ ಏಳ್ತಾರಲ್ಲ ಸಾರ್, ಬಾಗಿಲು ಗೀಗಿಲು ನೋಡಿ ಆಮೇಲೆ ಮಿಕ್ಕೋರ್ನ ಎಬ್ಬಿಸ್ತಾರಲ್ಲ, ಹಂಗೆ ಕಂಪ್ಯೂಟರ್‌ಗೂ ಒಬ್ಬರು ಅಜ್ಜಿ ಇದ್ದಾರೆ. ಬಯೋಸ್ ಅಂತಾರೆ. ಆ ಅಜ್ಜಿ ಬಾಗಿಲಲ್ಲಿ ಒಬ್ಬ ಕಾವಲುಗಾರನ್ನ ನಿಲ್ಸಿರ್ತಾರೆ, ಸೆಕ್ಯೂರ್ ಬೂಟ್ ಅಂತ. ಡಿಸ್ಕಿಗೆ ಬೀಗ ಹಾಕಿದಾಗ ಅವನು ಇದ್ದ. ಈಗ ಕಾಣಿಸ್ತಿಲ್ಲ. ಅದಕ್ಕೇ ಡಿಸ್ಕಿಗೆ ಅನುಮಾನ, ಇದು ನಮ್ಮನೇನೋ ಅಲ್ವೋ ಅಂತ. ಯಾರು ಸಾರ್ ಆಫ್ ಮಾಡಿದ್ದು?"

"ನಾನಲ್ಲಮ್ಮಾ" ಎಂದೆ. ಅವಳು ಹೇಳಿದ ಗುಂಡಿಗಳನ್ನೊತ್ತಿ ಅಜ್ಜಿಯ ಕೋಣೆಗೆ ಹೋದೆ. ಕಾವಲುಗಾರ ನಿಜವಾಗಿಯೂ ಆಫ್ ಆಗಿದ್ದ. ಅವನ ಜೊತೆಗೆ ಬೀಗದ ಗುಟ್ಟು ಕಾಯುವ ಸೆಕ್ಯುರಿಟಿ ಚಿಪ್ಪೂ ಆಫ್ ಆಗಿತ್ತು. ಮೂಲೆಯಲ್ಲಿ ತಾರೀಖು ಜನವರಿ ಒಂದು ಎಂದಿತ್ತು, ಇಸವಿ ಹತ್ತು ವರ್ಷ ಹಿಂದಿನದು. ಅಷ್ಟೆಲ್ಲ ಹೆದರಿಕೆಯ ಪಟ್ಟಿ ಮಾಡಿದ ನಾನು ಅದೊಂದನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. ಆ ವರ್ಷ ನನಗೆ ಸಕ್ಕರೆ ಇರಲಿಲ್ಲವಲ್ಲ ಎಂದು ಒಂದು ನಿಮಿಷ ಸುಖಪಟ್ಟು, ತಾರೀಖು ತಿದ್ದಿ, ನಸ್ರೀನಳಿಗೆ ಹೇಳುವುದನ್ನೂ ಬಿಟ್ಟೆ. ಎರಡನ್ನೂ ಆನ್ ಮಾಡಿದ ಕೂಡಲೇ ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ಎದ್ದಿತು. ಅಮ್ಮ ಇದ್ದಳು. "ಮೊದಲು ಅದನ್ನ ಇನ್ನೊಂದು ಕಡೆ ಕಾಪಿ ಮಾಡ್ಕೊಳ್ಳಿ ಸಾರ್, ಆಮೇಲೆ ಕಾಫಿ ಕುಡೀರಿ" ಎಂದಳು ನಸ್ರೀನ್. ಬೀಗವಿಲ್ಲದ ಪ್ರತಿ ಮಾಡಲು ನನಗೆ ಹೆದರಿಕೆಯಾಯಿತು. ನಾಳೆ ನೋಡೋಣ ಎಂದುಕೊಂಡು, ಮಲಗುವ ಮುಂಚೆ ಎಂದಿನಂತೆ ಬೆಂಕಿಯ ಭಯಕ್ಕೆ ಕಂಪ್ಯೂಟರಿನ ಪ್ಲಗ್ಗು ಗೋಡೆಯಿಂದ ಕಿತ್ತು, ಕಿತ್ತಿದ್ದೇನೆಯೇ ಎಂದು ಎರಡು ಸಲ ನೋಡಿ ಮಲಗಿದೆ.

ಮಂಗಳವಾರ ಬೆಳಗ್ಗೆ ಮತ್ತೆ ನೀಲಿ. ಮತ್ತೆ ಜನವರಿ ಒಂದು. ಕಾಪಿ ಮಾಡಿಕೊಂಡಿಲ್ಲವೆಂದು ನಸ್ರೀನಳಿಗೆ ಹೇಳಲು ನಾಚಿಕೆಯಾಗಿ, ನಿನ್ನೆ ಕಲಿತ ವಿದ್ಯೆ ಇದೆಯಲ್ಲ ಎಂದು ನಾನೇ ಕೈ ಹಾಕಿದೆ. ಎಲ್ಲೋ ಒಂದು ಹೆಚ್ಚಿನ ಗುಂಡಿ ಒತ್ತಿರಬೇಕು. ಸೆಕ್ಯುರಿಟಿ ಚಿಪ್ಪಿನ ನೆನಪನ್ನು ಅಳಿಸಲೇ, ಹೌದೋ ಅಲ್ಲವೋ, ಎಂದು ಕೇಳಿತು. ಗಟ್ಟಿಯಾಗಿ ಏನಾದರೂ ಕೇಳಿದರೆ ಹೆದರುವವರೆಲ್ಲ ಕೊಡುವ ಉತ್ತರವನ್ನೇ ನಾನೂ ಕೊಟ್ಟೆ. ಆಮೇಲೆ ನಸ್ರೀನಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

"ಸಾರ್, ಹೌದು ಅಂದ್ಬಿಟ್ರಾ?"

"ಹೌದು."

"ಇನ್ನು ಸೆಕ್ಯೂರ್ ಬೂಟ್ ಹಾಕಿದ್ರೂ ಅಷ್ಟೇ ಬಿಟ್ರೂ ಅಷ್ಟೇ. ಆ ನಲವತ್ತೆಂಟು ಅಂಕಿ ಒಂದೇ ದಾರಿ. ಇದೆ ತಾನೇ ಸಾರ್?"

"ಇದೆ" ಎಂದೆ. "ಜಿಲ್ಲೆಯಲ್ಲೇ ಇದೆ."

ರತ್ನ ತನ್ನ ಪಾಲನ್ನು ಬೀರುವಿನ ಕಾಗದದ ಕೆಳಗಿನಿಂದ ಹತ್ತು ಎಣಿಸುವಷ್ಟರಲ್ಲಿ ತೆಗೆದುಕೊಟ್ಟಳು. ಬುಧವಾರ ರಜೆ ಹಾಕಿ ಬೈರಕೂರಿಗೆ ಹೋದೆ. ಅಂಕಿಗಳನ್ನು ಫೋನಿನಲ್ಲೇ ಕೇಳಬಹುದಿತ್ತು. ಯಾರಾದರೂ ಕದ್ದು ಕೇಳಿಸಿಕೊಂಡರೆ? ನಾಗರಾಜ ಟೊಮೇಟೊ ತೋಟದಲ್ಲಿದ್ದ. "ಏಂ ಬಾವಾ, ಇಷ್ಟು ದೂರ! ನಿಮ್ಮ ನಂಬರಾ? ಮೋಟಾರಿನ ಸ್ಟಾರ್ಟರ್ ಡಬ್ಬಿ ಒಳಗೆ ಅಂಟಿಸಿದ್ದೀನಿ. ಕಳ್ಳ ಕೈ ಹಾಕಿದ್ರೆ ಅಲ್ಲೇ ಹೊಡೀಬೇಕು, ಹಂಗೆ" ಎಂದ. ತೆಗೆದುಕೊಡು ಎಂದರೆ, "ಈಗ ಮೋಟಾರ್ ನಿಲ್ಸಕ್ಕಾಗಲ್ಲ ಬಾವಾ, ಇನ್ನೂ ನಾಲ್ಕು ಸಾಲು ನೀರು ಹಾಯ್ಬೇಕು. ಕರೆಂಟು ತಾನಾಗೇ ಹೋಗುತ್ತೆ, ಕೂತ್ಕೊಳ್ಳಿ" ಎಂದ. ತಾಲ್ಲೂಕೆಲ್ಲ ಕರೆಂಟು ಬರಲೆಂದು ಕಾಯುತ್ತಿದ್ದರೆ ನಾನೊಬ್ಬ ಹೋಗಲೆಂದು ಬದುವಿನ ಮೇಲೆ ಕೂತು ಕಾದೆ. ಎಂದೂ ಇಲ್ಲದೆ ಅದು ಎರಡು ಗಂಟೆ ಕದಲಲಿಲ್ಲ.

ಕೊನೆಗೂ ಸಿಕ್ಕ ಚೀಟಿಯನ್ನು ಜೇಬಿಗಿಟ್ಟುಕೊಂಡು ಶಿವಾರಪಟ್ಟಣ ತಲುಪಿದಾಗ ಮಧ್ಯಾಹ್ನ ಮೂರು. ಆಚಾರ್ರು ಕಲ್ಲಿನ ಪಕ್ಕದಲ್ಲೇ ಕೂತಿದ್ದರು. ಕರಿಕಲ್ಲು ತೊಳೆದು, ನಯವಾಗಿ, ಮುಖವಿಲ್ಲದೆ ನಿಂತಿತ್ತು. ಸುಮ್ಮನೆ ಈ ಕಡೆ ಬಂದಿದ್ದೆ ಎಂದು ನಾನು ಶುರು ಮಾಡುವುದರೊಳಗೆ ಅವರು, "ಮೇಷ್ಟ್ರೇ, ಪಟ ಏನಾಯ್ತು?" ಎಂದರು. ಮುಖದ ವಿಷಯದಲ್ಲಿ ಅವರಿಗೆ ಸುಳ್ಳು ಹೇಳುವುದು ಕಷ್ಟ. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಕೈ ಇದೆ ಮೇಷ್ಟ್ರೇ, ಜ್ಞಾಪಕ ಇಲ್ಲ. ಮೂಗು ಎಡಕ್ಕೆ ಒಂದು ಎಳ್ಳಿನಷ್ಟು ವಾಲಿತ್ತಲ್ಲ, ಎಷ್ಟು ಅಂತ ಈಗ ಕೇಳಿದ್ರೆ ನಾನು ಹೇಳಲಾರೆ. ಚೆಂದದ ಮುಖ ಬೇಕಾದ್ರೆ ನಾನು ಹತ್ತು ಮಾಡ್ತೀನಿ. ಆ ಊರಿನ ಅಜ್ಜಿ ಒಬ್ಬಳು ನನ್ನ ಕೈ ಹಿಡ್ಕೊಂಡು ಹೇಳಿದ್ಲು, ಕಲ್ಲು ಹೊಸದಾಗ್ಲಿ ಸ್ವಾಮಿ, ಅಮ್ಮ ಹಳೇಳೇ ಇರ್ಲಿ ಅಂತ."

ನಿಮ್ಮ ಪಾಲಿನ ಚೀಟಿ ಎಲ್ಲಿ ಎಂದು ಮೆಲ್ಲಗೆ ಕೇಳಿದೆ. "ಚೀಟಿ ಬಿಸಾಕ್ದೆ. ಕಾಗದ ಎಷ್ಟು ದಿನ ಇರುತ್ತೆ?" ಎನ್ನುತ್ತಾ ಎದ್ದುಹೋಗಿ, ಕುಡಿಯುವ ನೀರಿನ ಮಡಕೆಯನ್ನು ಪಕ್ಕಕ್ಕಿಟ್ಟು, ಅದರ ಕೆಳಗಿದ್ದ ಚಪ್ಪಡಿಯನ್ನು ಮಗುಚಿದರು. ಹದಿನಾರು ಅಂಕಿಗಳು ಕನ್ನಡದಲ್ಲಿ, ಹಳೆಯ ಶಾಸನದಂತೆ ಉಳಿಯಲ್ಲಿ ಕೆತ್ತಿಸಿಕೊಂಡು ಕೂತಿದ್ದವು. ಸುತ್ತ ಒಂದು ಬಳ್ಳಿ ಬೇರೆ. ನನ್ನ ಬದುಕಿನಲ್ಲಿ ಯಾವುದಾದರೂ ಭದ್ರವಾಗಿದೆ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಅದೊಂದೇ ಸಲ.

ಸಂಜೆ ಮನೆಗೆ ನಸ್ರೀನ್ ಬಂದಳು. ರತ್ನ ಓದಿದಳು, ನಾನು ಒತ್ತಿದೆ. ಬೀರುವಿನ ಪಾಲು, ಸ್ಟಾರ್ಟರ್ ಡಬ್ಬಿಯ ಪಾಲು, ಕಲ್ಲಿನ ಪಾಲು. ಕೊನೆಯ ಅಂಕಿಯನ್ನು, ಸರಿಯಾಗಿ ಒತ್ತಿದೆನೋ ಇಲ್ಲವೋ ಎಂದು ಎರಡು ಸಲ ಅಳಿಸಿ ಮತ್ತೆ ಒತ್ತಿದೆ. ಮೂರನೆಯ ಸಲ ನೀಲಿ ಸರಿದು, ಅಮ್ಮ ಎಳ್ಳಿನಷ್ಟು ವಾಲಿದ ಮೂಗಿನೊಂದಿಗೆ ಕಾಣಿಸಿಕೊಂಡಳು. ರತ್ನ ಕೈ ಮುಗಿದಳು. ನಸ್ರೀನ್ ನನ್ನನ್ನು ಏನೂ ಕೇಳದೆ ಎರಡು ಕಡೆ ಕಾಪಿ ಮಾಡಿಕೊಂಡಳು. ಆಮೇಲೆ, "ಆದ್ರೆ ಸಾರ್, ಅಜ್ಜಿಗೆ ದಿನಾ ರಾತ್ರಿ ಮರೆವು ಬರ್ತಿರೋದು ಯಾಕೆ?" ಎಂದಳು. ಆಗ ತಾರೀಖಿನ ಮಾತು ಬಾಯಿಬಿಟ್ಟೆ. ಅವಳು ತಕ್ಷಣ ಬಗ್ಗಿ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಟಾರ್ಚು ಹಾಕಿದಳು. ಅದರ ಪಕ್ಕದ ಮುಚ್ಚಳವನ್ನು, ಬಿಸಿಯಾಗಿ ಸುಟ್ಟೀತೆಂಬ ಭಯಕ್ಕೆ, ನಾನು ವರ್ಷದ ಹಿಂದೆಯೇ ತೆಗೆದಿಟ್ಟಿದ್ದೆ.

"ಸಾರ್, ಇಲ್ಲಿ ಒಂದು ಸೆಲ್ಲು ಇರಬೇಕಿತ್ತು. ಪ್ಲಗ್ಗು ಕಿತ್ತಾಗ ಅಜ್ಜಿಗೆ ಅದೇ ಜ್ಞಾಪಕ. ಎಲ್ಲಿ ಅದು?"

"ಅಯ್ಯೋ, ಅದಾ?" ಎಂದಳು ರತ್ನ. "ಭಾನುವಾರ ಹೇಳಿದ್ನಲ್ರೀ ನಿಮಗೆ! ಬಾಯಿ ಬಿಟ್ಕೊಂಡು ನಿಂತಿತ್ತು, ಕೈ ಹಾಕಿದ್ರೆ ಸಿಕ್ತು. ಗೋಡೆ ಕರೆಂಟಲ್ಲಿ ಓಡೋದಕ್ಕೆ ಸೆಲ್ಲು ಯಾಕೆ ಬೇಕು ಅಂತ ತೆಗೆದು ನಿಮ್ಮ ಮೀಟರಿಗೆ ಹಾಕ್ದೆ. ಎಲ್ಲಿಂದಾದ್ರೂ ತಾ ಅಂದೋರು ನೀವೇ."

ನಸ್ರೀನ್ ನೆಲದ ಮೇಲೆ ಕೂತೇಬಿಟ್ಟಳು. ನಗು ನಿಂತ ಮೇಲೆ, ಈ ರಿಪೇರಿಗೆ ದುಡ್ಡು ಬೇಡ, ಆ ಮೂವತ್ತೈದನ್ನು ನಲವತ್ತು ಮಾಡಿಕೊಡಿ ಸಾಕು ಎಂದಳು. ಶುಕ್ರವಾರ ಆಚಾರ್ರು ಪಟವನ್ನು ಕಲ್ಲಿಗೆ ಅಂಟಿಸಿದಾಗ ಆ ಊರಿನ ಅಜ್ಜಿ ಹತ್ತಿರ ಬಂದು, ಮೂಗಿನ ಮೇಲೆ ಬೆರಳಿಟ್ಟು ಸವರಿ, "ಹ್ಞೂಂ, ನಮ್ಮಮ್ಮನೇ" ಎಂದಳು. ಉಳಿಯ ಪೆಟ್ಟು ಬಿತ್ತು. ಕಳ್ಳ ಬಂದಿರಲಿಲ್ಲ, ಇಲಿ ಕಡಿದಿರಲಿಲ್ಲ, ಸಿಡಿಲು ಹೊಡೆದಿರಲಿಲ್ಲ, ಅಮ್ಮ ಮುನಿದಿರಲಿಲ್ಲ, ನನ್ನ ಕಣ್ಣೂ ನೆಟ್ಟಗೇ ಇತ್ತು. ಭಾನುವಾರ ಸಂಜೆ ನನ್ನ ಸಕ್ಕರೆ ಎಷ್ಟಿತ್ತೆಂದು ಇದುವರೆಗೆ ಯಾರೂ ಕೇಳಿಲ್ಲವಾದ್ದರಿಂದ ನಾನೇ ಹೇಳುತ್ತೇನೆ: ಸರಿಯಾಗಿಯೇ ಇತ್ತು. ಅದು ಸರಿಯಾಗಿದೆ ಎಂದು ನೋಡಿಕೊಳ್ಳುವುದಕ್ಕಾಗಿ, ರೂಪಾಯಿ ನಾಣ್ಯದಗಲದ ಒಂದು ಸೆಲ್ಲು ಆ ಗೂಡಿನಿಂದ ಈ ಗೂಡಿಗೆ ಬಂದಿತ್ತು, ಅಷ್ಟೇ.