ಕೇಶ್ವಾಪುರದ ಚದುರಂಗ ಪಂದ್ಯದಲ್ಲಿ ಮೊದಲ ಕಾಲಾಳು ನಡೆಸಿದವರಿಗೆ

ಉದ್ಘಾಟಕರಾದ ಶ್ರೀ ಮುರುಗೆಪ್ಪನವರ ಸನ್ನಿಧಾನಕ್ಕೆ,

ಮಾನ್ಯರೇ,

ಹತ್ತಿ ವ್ಯಾಪಾರದ ನಡುವೆ ಬಿಡುವು ಮಾಡಿಕೊಂಡು, ಶುಕ್ರವಾರದ ಉದ್ಘಾಟನೆಗೆ ಭಾನುವಾರ, ಅಂದರೆ ಕೊನೆಯ ಸುತ್ತಿಗೆ ಸರಿಯಾಗಿ ಆಗಮಿಸಿದ ತಮಗೆ, ಅಂದು ಕರಿ ಕಾಯಿಗಳ ಹಿಂದೆ ಕುಳಿತಿದ್ದ ನಾನು ಮೊದಲಿಗೆ ವಂದಿಸುತ್ತೇನೆ.

ನನ್ನೆದುರು ಬಿಳಿ ಕಾಯಿಗಳಿಗೆ ಕುಳಿತವಳು ತಾರಿಹಾಳದಲ್ಲಿ ಲೇತ್ ನಡೆಸುವ ಮೌಲಾಲಿಯವರ ಮಗಳು ತಸ್ಲೀಮಾ. ಗೆದ್ದರೆ ರಾಜ್ಯದ ಮಹಿಳಾ ತಂಡಕ್ಕೆ, ಇಲ್ಲವಾದರೆ ಮನೆಗೆ. ಆಟಗಾರರನ್ನು ಕೇಳಿ, ಅವರು ಹೇಳಿದ ಕಾಯಿಯನ್ನು ಅತಿಥಿಗಳು ನಡೆಸಿಕೊಡುವುದು ಪದ್ಧತಿ. ಅವಳು “ರಾಜನ ಮುಂದಿಂದು ಎರಡ ಮನಿ ಸರಸ್ರಿ” ಎಂದರೆ, ತಾವು “ಯಾವುದಾದ್ರೇನವಾ, ಎಲ್ಲಾ ಒಂದ ನಮೂನಿ ಅದಾವಲ್ಲ” ಎನ್ನುತ್ತ, ರಾಜನ ಪಕ್ಕದ ಒಂಟೆಯ ಮುಂದಿನದನ್ನು ಒಂದು ಮನೆ ಸರಿಸಿದಿರಿ. ಅವಳು ತಿಂಗಳುಗಟ್ಟಲೆ ಕಲಿತ ಆರಂಭ ಅಲ್ಲಿಗೆ ಮುಗಿಯಿತು. ತಮ್ಮ ಶ್ರೀಮತಿಯವರಿಗೂ ಗೌರವ ಸಲ್ಲಬೇಕೆಂದು ಸಂಘಟಕರು ಅವರ ಕೈಯಿಂದ ನನ್ನ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಅಷ್ಟರಲ್ಲಿ ಫೋಟೋದವನು “ಸಾವ್ಕಾರ್ರ, ಕೊಳ್ಳಾಗಿನ ಮಾಲಿ ಅಡ್ಡ ಬಂತ್ರಿ, ಇನ್ನೊಮ್ಮೆ” ಎಂದದ್ದೇ ತಡ, ತಾವು ಅವಳ ರಾಜನ ಬದಿಯ ಕುದುರೆಯ ಮುಂದಿನ ಬಿಳಿ ಕಾಲಾಳನ್ನು ಎರಡು ಮನೆ ದೂಡಿ ನಕ್ಕಿರಿ.

ತೀರ್ಪುಗಾರ ಹನುಮೇಶರು “ದೊಡ್ಡವರು ಮುಟ್ಟಿದ್ದನ್ನ ಹಿಂದ ಇಡಾಕ ಬರಂಗಿಲ್ರಿ” ಎಂದು ಗಡಿಯಾರ ಒತ್ತಿದರು. ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬ ನಿಯಮವನ್ನು ಹೀಗೆ ತಮಗೂ ಶಾಲಿನಂತೆ ಹೊದಿಸಲಾಯಿತು.

ಚದುರಂಗದಲ್ಲಿ ಸೋಲಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಅದನ್ನು ತಾವು ಯಾವ ತರಬೇತಿಯೂ ಇಲ್ಲದೆ ಕಂಡುಹಿಡಿದಿರಿ. ನನ್ನ ರಾಣಿ ಓರೆಯಾಗಿ ಅಂಚಿಗೆ ಹೋದರೆ ಬಿಳಿ ರಾಜ ಮುಗಿದಂತೆ. ನಾನು ಕೈಕಟ್ಟಿ ಕುಳಿತೆ; ನನ್ನ ಸಮಯ ತೀರಲಿ, ಅವಳೇ ಗೆಲ್ಲಲಿ ಎಂದುಕೊಂಡೆ. ತಸ್ಲೀಮಾ ಹಲಗೆಯಿಂದ ಕಣ್ಣೆತ್ತದೆ ಅಂದಳು: “ಆಡ್ರಿ ಕಾಕಾ. ಇವತ್ತಿಗೆ ಒಬ್ಬ ದಾನಿ ಸಾಕು.”

ಆಡಿದೆ.

ಸಂಜೆ ತಾವು ಮೈಕಿನಲ್ಲಿ “ಹುಡುಗಿಗೆ ನಾ ಛಲೋ ಚಾಲೂ ಮಾಡಿಕೊಟ್ಟಿದ್ದೆ, ಮುಂದ ಒಯ್ಯಾಕ ಆಗಲಿಲ್ಲ” ಎಂದು ಮರುಗಿದಿರಿ. ಆದ್ದರಿಂದ ಎರಡು ವಿನಂತಿಗಳು. ಅವಳಿಲ್ಲದೆ ಹೊರಡುವ ತಂಡದ ಜೊತೆ ತಾವು ತಪ್ಪದೆ ಪ್ರಯಾಣಿಸಿ, ಎದುರಾಳಿಗಳ ಪರವಾಗಿ ಮೊದಲೆರಡು ನಡೆಗಳನ್ನು ನಡೆಸಿಕೊಡಬೇಕು. ರಾಜ್ಯಕ್ಕೆ ಪದಕ ಖಚಿತ. ಹಾಗೆಯೇ ಮುಂದಿನ ಕುಸ್ತಿ ಪಂದ್ಯವನ್ನೂ ತಾವೇ ಮೊದಲ ಪಟ್ಟು ಹಾಕಿ ಉದ್ಘಾಟಿಸಬೇಕು. ಕಾಲಾಳುಗಳಿಗಿರುವ ತಾಳ್ಮೆ ಪೈಲ್ವಾನರಿಗೂ ಇದೆಯೇ ಎಂದು ತಿಳಿಯುವ ಕುತೂಹಲ ನನಗಿದೆ.

ತಮ್ಮ ವಿಶ್ವಾಸಿ,
ತಮ್ಮ ಕೈಯಿಂದ ಗೆದ್ದ
ಕುಮಾರಸ್ವಾಮಿ

ತಾ.ಕ.: ಅತಿ ಶೀಘ್ರ ಗೆಲುವಿಗೆಂದು ತಾವು ನನಗೆ ಕೊಟ್ಟ ವಿಶೇಷ ಫಲಕವನ್ನು ತಮ್ಮ ಮನೆಗೇ ಕಳುಹಿಸಿದ್ದೇನೆ. ವೇದಿಕೆಯ ಮೇಲೆ ಅದನ್ನು ಮೊದಲು ಮುಟ್ಟಿದವರು ತಾವು. ಹಿಂದೆ ಇಡಲು ಬರುವುದಿಲ್ಲ.