ಒಂದೇ ಮೈಯ ಮೂವರು ಮುನಸೀಫರು

ನಮ್ಮ ದೊಡ್ಡಪ್ಪನ ಒಂದೇ ಮೈಯೊಳಗೆ ಮೂವರು ಸರ್ಕಾರಿ ನೌಕರರಿದ್ದರು; ಒಬ್ಬರಿಗೂ ಇನ್ನೊಬ್ಬರಿಗೂ ಮಾತಿರಲಿಲ್ಲ! ನಗಬೇಡಿ. ಹಾಲಹರವಿ ಕಡೆಯ ನಮ್ಮೂರಿಗೆ ಅವರೇ ಮುನಸೀಫರು. ಕಂದಾಯ ಎತ್ತುವುದು, ಕಳ್ಳರನ್ನು ಹಿಡಿಯುವುದು, ಸಣ್ಣಪುಟ್ಟ ವ್ಯಾಜ್ಯ ತೀರಿಸುವುದು, ಮೂರೂ ಅವರ ಕೆಲಸ. ಹೊಸ ಸಂವಿಧಾನ ಬಂದ ಮೇಲೆ ಆದೋನಿಯ ವಕೀಲರೊಬ್ಬರು, "ಹಿಡಿದವನೇ ತೀರ್ಪು ಕೊಟ್ಟರೆ ಅದೆಂಥ ನ್ಯಾಯ?" ಎಂದರಂತೆ. ವಕೀಲರು ಹೇಳಿ ಮರೆತರು. ದೊಡ್ಡಪ್ಪ ಮರೆಯಬೇಕಲ್ಲ!

ಅಂದಿನಿಂದ ಚಾವಡಿಯ ಜಗಲಿಯಲ್ಲಿ ಕೂತರೆ ಕಂದಾಯದವರು, ಬೀದಿಗಿಳಿದರೆ ಪೊಲೀಸರು, ಒಳಗಿನ ಕುರ್ಚಿಯಲ್ಲಿ ಕೂತರೆ ನ್ಯಾಯಾಧೀಶರು. ಕಂದಾಯ ಕಟ್ಟಲು ಬಂದವನು ಬದುವಿನ ಜಗಳ ತೆಗೆದರೆ, "ಅದನ್ನ ಒಳಗ ಹೇಳಪಾ" ಎನ್ನುವರು. ತಾವೇ ಎದ್ದು ಒಳಗೆ ಹೋಗಿ ಕೂತು, "ಯಾರು ನೀನು? ಯಾಕ ಬಂದಿ?" ಎಂದು ಅವನನ್ನೇ ಕೇಳುವರು!

ಒಮ್ಮೆ ನಮ್ಮದೇ ಜೋಳದ ಹೊಲ ಮೇಯುತ್ತಿದ್ದ ಎಮ್ಮೆಯನ್ನು ಹಿಡಿದು ತಂದರು. ಕುರ್ಚಿಯಲ್ಲಿ ಕೂತು, ಸಾಕ್ಷಿ ಇಲ್ಲವೆಂದು ಬಿಟ್ಟೇಬಿಟ್ಟರು.

"ಹಿಡಿದಾವ್ರು ನೀವ ಅಲ್ರೀ?" ದೊಡ್ಡಮ್ಮ ಕೂಗಿದಳು.

"ಹಿಡಿದಾಂವ ಹೊರಗ ಅದಾನ. ಅವನ ಮಾತು ನಾ ಹೆಂಗ ನಂಬಲಿ?"

ಮರುದಿನ ಎಮ್ಮೆ ಮತ್ತೆ ಬಂತು.

ಹತ್ತಿ ಬಿಡಿಸುವ ಕಾಲಕ್ಕೆ ಈ ನಗೆ ನಿಂತುಹೋಯಿತು. ದೊಡ್ಡಪ್ಪನ ಒಬ್ಬನೇ ಮಗ, ನನಗೆ ಅಣ್ಣ, ಹತ್ತಿ ಕದ್ದನೆಂದು ಆಳೊಬ್ಬನನ್ನು ಕೋಲಿನಿಂದ ಬಡಿದ. ಆಳು ಸತ್ತ. ಅವನ ಹೆಂಡತಿ ಚಾವಡಿಯ ಮುಂದೆ ಕುಸಿದು ಕೂತಳು. ಹಿರಿಯರು ದೊಡ್ಡಪ್ಪನನ್ನು ಪಕ್ಕಕ್ಕೆ ಕರೆದರು.

"ಬಂಡಿಯಿಂದ ಬಿದ್ದು ಸತ್ತಾನಂತ ಬರೀರಿ. ಯಾರಿಗೂ ಗೊತ್ತಾಗಂಗಿಲ್ಲ. ಎವರಿಕೀ ತೆಲೀದು!"

ದೊಡ್ಡಮ್ಮ ಕಾಲು ಹಿಡಿದಳು. "ಹೊಟ್ಟಿಲೆ ಹುಟ್ಟಿದ ಮಗ ರೀ!"

"ಮುನಸೀಫಗ ಮಕ್ಕಳಿಲ್ಲ" ಎಂದರು ದೊಡ್ಡಪ್ಪ. ಹೆಣ, ಕೋಲು ಎರಡನ್ನೂ ತಾವೇ ನೋಡಿ, ನಡೆದದ್ದನ್ನು ನಡೆದಂತೆಯೇ ಬರೆದು ಆದೋನಿಯ ಪೊಲೀಸರಿಗೆ ಕಳಿಸಿದರು. ಅಣ್ಣನಿಗೆ ಕೋಳ ಬಿತ್ತು. ಅಂದು ದೊಡ್ಡಪ್ಪನನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು. ಇಂಥವರನ್ನು ಮನುಷ್ಯರೆನ್ನುವುದು ಹೇಗೆ?

ಕೋರ್ಟಿನಲ್ಲಿ ಅವರೇ ಮೊದಲ ಸಾಕ್ಷಿ. ಕೋಲು ಯಾವುದು, ಏಟು ಎಲ್ಲಿ ಬಿತ್ತು, ಎಲ್ಲವನ್ನೂ ಎಲ್ಲೂ ತಡವರಿಸದೆ ಹೇಳಿದರು. ಜೈಲಿನಲ್ಲಿದ್ದು ಕಡ್ಡಿಯಾಗಿದ್ದ ಅಣ್ಣ ಎದುರಿನ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಅವನ ವಕೀಲರು ಎದ್ದರು.

"ಆರೋಪಿ ನಿಮಗೆ ಏನಾಗಬೇಕು?"

ದೊಡ್ಡಪ್ಪ ತಮ್ಮ ಕಟಕಟೆಯ ಅಂಚು ಹಿಡಿದುಕೊಂಡರು. ವಕೀಲರು ಮತ್ತೆ ಕೇಳಿದರು. ದೊಡ್ಡಪ್ಪ ಅವರ ಕಡೆ ನೋಡಲೇ ಇಲ್ಲ. ಅಣ್ಣನ ಕಡೆ ತಿರುಗಿದರು.

"ಉಂಡಿಯೇನಪಾ?" ಎಂದರು.

ಅಣ್ಣ ಇಲ್ಲವೆಂದು ತಲೆಯಾಡಿಸಿದ. ಬರೆದುಕೊಳ್ಳುತ್ತಿದ್ದ ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು.